ವಿದ್ಯಾರ್ಥಿಗಳು ತಿದ್ದಿದ ಕರ್ನಲ್ ಅನ್ನು ಪರೀಕ್ಷಿಸಲು ನಾನು ಕಲಿತ ಬಗೆ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಂ ಲ್ಯಾಬ್ ನೋಡಿಕೊಳ್ಳುವ ನನಗೆ ಬಹುಕಾಲ ಮೌಲ್ಯಮಾಪನವೆಂದರೆ ಔಟ್‌ಪುಟ್ ನೋಡಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿ, ವೈವಾದಲ್ಲಿ ನಾಲ್ಕು ಪ್ರಶ್ನೆ ಕೇಳುವುದಾಗಿತ್ತು. ರೌಂಡ್ ರಾಬಿನ್ ಶೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಂ ಮುಂತಾದವನ್ನು ಸಿ ಭಾಷೆಯಲ್ಲಿ ಅನುಕರಿಸುವ ಪುಟ್ಟ ಪ್ರೋಗ್ರಾಮುಗಳಿಗೆ ಅಷ್ಟು ಸಾಕಿತ್ತು. ಒಂದು ಇನ್‌ಪುಟ್‌ಗೆ ಪ್ರತಿಸಲವೂ ಒಂದೇ ಉತ್ತರ ಬರುತ್ತಿದ್ದುದರಿಂದ ಸರಿತಪ್ಪು ಕಣ್ಣಿಗೇ ಕಾಣುತ್ತಿತ್ತು. ವಿದ್ಯಾರ್ಥಿಗಳ ಕೈಗೆ ನಿಜವಾದ ಕರ್ನಲ್, ಅಂದರೆ ಪ್ರೋಗ್ರಾಮುಗಳಿಗೆ ಮೆಮೊರಿ, ಸಿಪಿಯು ಹಂಚಿಕೊಡುವ ಆಪರೇಟಿಂಗ್ ಸಿಸ್ಟಂನ ತಿರುಳನ್ನೇ ಕೊಟ್ಟ ವರ್ಷ ಆ ಪದ್ಧತಿ ಕೆಲಸಕ್ಕೆ ಬಾರದಾಯಿತು.

ನಾನು ಆರಿಸಿಕೊಂಡದ್ದು ಎಕ್ಸ್‌ವಿ6. 1975ರ ಯುನಿಕ್ಸ್ ಆರನೇ ಆವೃತ್ತಿಯ ರಚನೆಯನ್ನು ಅನುಸರಿಸಿ, ಅಮೆರಿಕದ ಎಂಐಟಿಯಲ್ಲಿ 2006ರಲ್ಲಿ ಬೋಧನೆಗೆಂದೇ ಬರೆದ ಆಪರೇಟಿಂಗ್ ಸಿಸ್ಟಂ ಇದು. ಮೊದಲು ಎಕ್ಸ್86 ಪ್ರೊಸೆಸರಿನ ಮೇಲೆ ಓಡುತ್ತಿದ್ದ ಇದನ್ನು 2019ರಲ್ಲಿ ರಿಸ್ಕ್-ವಿ ಎಂಬ ಬೇರೊಂದು ಬಗೆಯ ಪ್ರೊಸೆಸರಿಗೆ ತಂದರು. ಕ್ಯೂಎಮು ಎಂಬ ಎಮ್ಯುಲೇಟರಿನೊಳಗೆ (ಕಂಪ್ಯೂಟರನ್ನೇ ಅನುಕರಿಸುವ ಪ್ರೋಗ್ರಾಂ) 128 ಎಂಬಿ ಮೆಮೊರಿಯಲ್ಲಿ ಓಡುವುದರಿಂದ ಲ್ಯಾಬಿನ ಹಳೆಯ ಕಂಪ್ಯೂಟರುಗಳೇ ಸಾಕಾದವು. ಎಕ್ಸ್‌ವಿ6ನಲ್ಲಿ ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಫೋರ್ಕ್ ಮಾಡಿದರೆ, ಅಂದರೆ ತನ್ನದೇ ಪ್ರತಿಯಾದ ಮಗು ಪ್ರೊಸೆಸ್ಸನ್ನು ಹುಟ್ಟಿಸಿದರೆ, ಅದರ ಮೆಮೊರಿಯ ಪ್ರತಿಯೊಂದು 4096 ಬೈಟಿನ ಪುಟವೂ ಆ ಕ್ಷಣವೇ ನಕಲಾಗುತ್ತದೆ. ಅದರ ಬದಲು ತಂದೆ-ಮಗು ಪ್ರೊಸೆಸ್‌ಗಳೆರಡೂ ಪುಟಗಳನ್ನು ಓದಲಷ್ಟೇ ಎಂಬಂತೆ ಹಂಚಿಕೊಂಡು, ಯಾರಾದರೂ ಬರೆಯಲು ಹೋದಾಗ ಮಾತ್ರ ಆ ಒಂದು ಪುಟವನ್ನು ನಕಲು ಮಾಡುವ ಕಾಪಿ-ಆನ್-ರೈಟ್ ವಿಧಾನವನ್ನು ಅಳವಡಿಸುವುದು ವಿದ್ಯಾರ್ಥಿಗಳ ಕೆಲಸವಾಗಿತ್ತು. ಇದಕ್ಕಾಗಿ ಪ್ರತಿ ಪುಟವನ್ನು ಎಷ್ಟು ಪ್ರೊಸೆಸ್‌ಗಳು ಹಂಚಿಕೊಂಡಿವೆ ಎಂಬ ಎಣಿಕೆಯನ್ನು ಕರ್ನಲ್ ಇಟ್ಟುಕೊಳ್ಳಬೇಕು ಮತ್ತು ಆ ಎಣಿಕೆ ಸೊನ್ನೆಗಿಳಿದಾಗ ಪುಟವನ್ನು ಬಿಡುಗಡೆ ಮಾಡಬೇಕು.

ಎಕ್ಸ್‌ವಿ6 ಜೊತೆಗೇ ಕರ್ನಲನ್ನು ಪರೀಕ್ಷಿಸುವ ಯೂಸರ್‌ಟೆಸ್ಟ್ಸ್ ಎಂಬ ಪ್ರೋಗ್ರಾಂ ಬರುತ್ತದೆ. ವಿದ್ಯಾರ್ಥಿಗಳ ಕೋಡ್ ಕಂಪೈಲ್ ಮಾಡಿ, ಕ್ಯೂಎಮು ಎಬ್ಬಿಸಿ, ಈ ಪ್ರೋಗ್ರಾಂ ಓಡಿಸಿ, ಕನ್ಸೋಲಿನಲ್ಲಿ ಬಂದ ಸಾಲುಗಳನ್ನು ಓದಿ ಅಂಕ ಹಾಕುವ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಂಡೆ. ಮೊದಲ ಬ್ಯಾಚಿನಲ್ಲಿ ಜೊತೆಯಾಗಿ ಕೆಲಸ ಮಾಡಿದ ಒಂದು ವಿದ್ಯಾರ್ಥಿ ಜೋಡಿಯ ಕರ್ನಲ್ ನನ್ನ ಬಳಿ ಫೇಲಾಯಿತು. "ಮೇಡಂ, ನಮ್ಮ ಲ್ಯಾಪ್‌ಟಾಪಿನಲ್ಲಿ ಹತ್ತು ಸಲ ಓಡಿಸಿದ್ದೇವೆ, ಹತ್ತು ಸಲವೂ ಪಾಸಾಗಿದೆ" ಎಂದು ಅವರು ಹೇಳಿದಾಗ ಅವರೆದುರಿಗೇ ಮತ್ತೊಮ್ಮೆ ಓಡಿಸಿದೆ. ಪಾಸಾಯಿತು. ಇನ್ನೂ ಮೂರು ಸಲ ಪಾಸಾಗಿ, ಅದರ ಮುಂದಿನ ಸಲ ಫೇಲಾಯಿತು. ಯಾವ ಫಲಿತಾಂಶವನ್ನು ನಂಬಿ ಅಂಕ ಕೊಡಬೇಕೆಂದು ನನಗೆ ತಿಳಿಯಲಿಲ್ಲ. ಅಂಕವನ್ನು ತಡೆಹಿಡಿದು ಕಾರಣ ಹುಡುಕಲು ಕುಳಿತೆವು.

ಫೇಲಾದಾಗ ಕರ್ನಲ್ ಬಿದ್ದಿರಲಿಲ್ಲ, ಉತ್ತರವೂ ತಪ್ಪಿರಲಿಲ್ಲ. ಯೂಸರ್‌ಟೆಸ್ಟ್ಸ್ ಆರಂಭದಲ್ಲಿ ಮತ್ತು ಕೊನೆಯಲ್ಲಿ ಮೆಮೊರಿಯನ್ನು ಪೂರ್ತಿ ಮುಗಿಯುವವರೆಗೂ ಕೇಳಿ, ಖಾಲಿ ಪುಟಗಳೆಷ್ಟಿವೆ ಎಂದು ಎಣಿಸಿ ಎರಡನ್ನೂ ಹೋಲಿಸುತ್ತದೆ. ಒಟ್ಟು 32,768 ಪುಟಗಳ ಮೆಮೊರಿಯಲ್ಲಿ ಒಂದೇ ಒಂದು ಪುಟ ಕಾಣೆಯಾಗಿತ್ತು. ಪೇಜ್ ಫಾಲ್ಟ್ ಬಂದಾಗ, ಅಂದರೆ ಓದಲಷ್ಟೇ ಇರುವ ಪುಟಕ್ಕೆ ಬರೆಯಲು ಹೋದ ಪ್ರೊಸೆಸ್ಸನ್ನು ಹಾರ್ಡ್‌ವೇರ್ ತಡೆದು ಕರ್ನಲ್‌ಗೆ ತಿಳಿಸಿದಾಗ, ಅವರ ಕೋಡ್ ಆ ಪುಟದ ಎಣಿಕೆಯನ್ನು ನೋಡುತ್ತಿತ್ತು. ಅದು ಒಂದಕ್ಕಿಂತ ಹೆಚ್ಚಿದ್ದರೆ ನಕಲು ಮಾಡಿ, ಆಮೇಲೆ ಎಣಿಕೆಯನ್ನು ಒಂದು ಕಡಿಮೆ ಮಾಡುತ್ತಿತ್ತು. ನೋಡುವುದಕ್ಕೂ ಕಡಿಮೆ ಮಾಡುವುದಕ್ಕೂ ನಡುವೆ ಇನ್ನೊಂದು ಪ್ರೊಸೆಸ್ ಬಾರದಂತೆ ತಡೆಯುವ ಲಾಕ್ ಇರಲಿಲ್ಲ. ಎರಡು ಸಿಪಿಯುಗಳಲ್ಲಿ ತಂದೆಯೂ ಮಗುವೂ ಒಂದೇ ಪುಟಕ್ಕೆ ಒಂದೇ ಕ್ಷಣದಲ್ಲಿ ಬರೆಯಲು ಹೋದರೆ ಇಬ್ಬರಿಗೂ ಎಣಿಕೆ ಎರಡೆಂದೇ ಕಾಣುತ್ತದೆ, ಇಬ್ಬರೂ ನಕಲು ಮಾಡಿಕೊಳ್ಳುತ್ತಾರೆ, ಇಬ್ಬರೂ ಒಂದೊಂದು ಕಳೆಯುತ್ತಾರೆ. ಎಣಿಕೆ ಸೊನ್ನೆಯಾದರೂ ಪುಟವನ್ನು ಬಿಡುಗಡೆ ಮಾಡುವ ಹೊಣೆ ಯಾರ ಪಾಲಿಗೂ ಬರುವುದಿಲ್ಲ, ಮೂಲ ಪುಟ ಯಾರದೂ ಅಲ್ಲದೆ ಉಳಿದುಬಿಡುತ್ತದೆ. ಡೀಬಗ್ ಮಾಡುವುದು ಸುಲಭವೆಂದು ಆ ಜೋಡಿ ತಮ್ಮ ಲ್ಯಾಪ್‌ಟಾಪಿನಲ್ಲಿ ಯಾವಾಗಲೂ ಒಂದೇ ಸಿಪಿಯು ಇಟ್ಟು ಓಡಿಸುತ್ತಿತ್ತು. ಎಕ್ಸ್‌ವಿ6ನಲ್ಲಿ ಪೇಜ್ ಫಾಲ್ಟ್ ನಿರ್ವಹಿಸುವಾಗ ಇಂಟರಪ್ಟ್‌ಗಳು (ಸಿಪಿಯುವಿನ ಕೆಲಸವನ್ನು ನಡುವೆ ತಡೆಯುವ ಸಂಕೇತಗಳು) ಮುಚ್ಚಿರುತ್ತವೆ. ಹೀಗಾಗಿ ಒಂದೇ ಸಿಪಿಯು ಇದ್ದಾಗ ಆ ಎರಡು ಹೆಜ್ಜೆಗಳ ನಡುವೆ ಇನ್ನೊಂದು ಪ್ರೊಸೆಸ್ ನುಸುಳಲು ದಾರಿಯೇ ಇಲ್ಲ, ಹತ್ತಲ್ಲ ಸಾವಿರ ಸಲ ಓಡಿಸಿದರೂ ಅವರಿಗೆ ಈ ದೋಷ ಕಾಣುತ್ತಿರಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂದೇ ಸಲ ಓಡಿಸಿ ಪಾಸು ಮಾಡಿದ ಉಳಿದ ಕರ್ನಲ್‌ಗಳ ಬಗ್ಗೆ ನನಗಿದ್ದ ನಂಬಿಕೆ ಅಂದೇ ಹೋಯಿತು. ಪರೀಕ್ಷೆಗೆ ಏನನ್ನು ಹಿಡಿಯುವ ಶಕ್ತಿಯಿದೆ ಎಂಬುದನ್ನೇ ಮೊದಲು ಪರೀಕ್ಷಿಸಬೇಕೆಂದು ನಿರ್ಧರಿಸಿ, ರಜೆಯಲ್ಲಿ ನಾನೇ ಬರೆದಿಟ್ಟಿದ್ದ ಸರಿಯಾದ ಉತ್ತರವನ್ನು ಬೇಕೆಂದೇ 14 ಬಗೆಯಲ್ಲಿ ಕೆಡಿಸಿದೆ. ಒಂದರಲ್ಲಿ ಮೆಮೊರಿ ಮುಗಿದಾಗ ಆ ಪ್ರೊಸೆಸ್ಸನ್ನಷ್ಟೇ ಕೊಲ್ಲುವ ಬದಲು ಇಡೀ ಕರ್ನಲ್ ಪ್ಯಾನಿಕ್ ಆಗಿ ನಿಂತುಹೋಗುವಂತೆ ಮಾಡಿದೆ. ಇನ್ನೊಂದರಲ್ಲಿ ಹಂಚಿಕೊಂಡ ಪುಟವೆಂಬ ಗುರುತಿನ ಬಿಟ್ ನೋಡದೆ, ಓದಲಷ್ಟೇ ಇರುವ ಯಾವ ಪುಟಕ್ಕಾದರೂ ಬರೆಯಲು ಬಿಟ್ಟೆ. ಹಾಗಾದಾಗ ಪ್ರೋಗ್ರಾಂ ತನ್ನದೇ ಕೋಡಿನ ಮೇಲೆ ಬರೆಯಬಲ್ಲದು. ಈ 14ರಲ್ಲಿ ನನ್ನ ಸ್ಕ್ರಿಪ್ಟ್ ಹಿಡಿದದ್ದು 10.

ತಪ್ಪಿಸಿಕೊಂಡ ನಾಲ್ಕರಲ್ಲಿ ಒಂದು ಮೇಲೆ ಹೇಳಿದ ಲಾಕ್ ಇಲ್ಲದ ಎಣಿಕೆ. ಮತ್ತೊಂದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಪ್ರೋಗ್ರಾಂ ಫೈಲಿನಿಂದ ಓದುವಾಗ ಬಂದ ಬೈಟುಗಳನ್ನು ಅದರ ಬಫರಿಗೆ (ಓದಿದ್ದನ್ನು ಇಟ್ಟುಕೊಳ್ಳುವ ಮೆಮೊರಿ ಜಾಗ) ಬರೆಯುವುದು ಸ್ವತಃ ಕರ್ನಲ್. ಆಗ ಅದು ಪ್ರೋಗ್ರಾಮಿನ ಪುಟಗಳು ಮೆಮೊರಿಯಲ್ಲಿ ಎಲ್ಲಿವೆ ಎಂದು ಹೇಳುವ ಪೇಜ್ ಟೇಬಲನ್ನು ತಾನೇ ನೋಡಿ ಭೌತಿಕ ವಿಳಾಸ ಕಂಡುಕೊಳ್ಳುವುದರಿಂದ ಹಾರ್ಡ್‌ವೇರಿನ ಪೇಜ್ ಫಾಲ್ಟ್ ಬರುವುದೇ ಇಲ್ಲ, ಪುಟ ಹಂಚಿಕೆಯಲ್ಲಿದೆಯೇ ಎಂದು ಕರ್ನಲ್ಲೇ ನೋಡಿಕೊಳ್ಳಬೇಕು. ಇದನ್ನು ಪೂರ್ತಿ ಮರೆತರೆ ಸ್ಕ್ರಿಪ್ಟ್ ಹಿಡಿಯುತ್ತಿತ್ತು. ಆದರೆ ಬಫರ್ ಎರಡು ಪುಟಗಳ ಮೇಲೆ ಚಾಚಿಕೊಂಡಾಗ ಮೊದಲ ಪುಟವನ್ನು ಮಾತ್ರ ನಕಲು ಮಾಡಿ ಎರಡನೆಯದನ್ನು ಮರೆಯುವ ಕರ್ನಲ್ ಸಲೀಸಾಗಿ ಪಾಸಾಗುತ್ತಿತ್ತು. ಮಗು ಫೈಲ್ ಓದಿದರೆ ತಂದೆಯ ಮೆಮೊರಿ ಸದ್ದಿಲ್ಲದೆ ಬದಲಾಗುವಂಥ ಈ ದೋಷಕ್ಕೆ ಪೂರ್ಣ ಅಂಕ ಸಿಗುವುದು ನನಗೆ ಒಪ್ಪಿಗೆಯಾಗಲಿಲ್ಲ. ಪುಟದ ಅಂಚಿಗೆ ಸರಿಯಾಗಿ ಬಫರ್ ಇಟ್ಟು ಓದುವ ಪರೀಕ್ಷೆಯನ್ನು ಸೇರಿಸಿದೆ.

ಲಾಕಿನ ದೋಷಕ್ಕೆ ಬೇರೆ ಉಪಾಯ ಬೇಕಾಯಿತು. ಹೊಸ ಪರೀಕ್ಷೆಯಲ್ಲಿ ತಂದೆ ಕೆಲವು ನೂರು ಪುಟಗಳಲ್ಲಿ ಬರೆದು ಎಂಟು ಮಕ್ಕಳನ್ನು ಫೋರ್ಕ್ ಮಾಡುತ್ತದೆ. ಮಕ್ಕಳೆಲ್ಲ ಒಂದು ಪೈಪಿನಿಂದ (ಪ್ರೊಸೆಸ್‌ಗಳ ನಡುವೆ ಡೇಟಾ ಸಾಗಿಸುವ ಕೊಳವೆ) ಓದಲು ಕಾದು ನಿಲ್ಲುತ್ತವೆ. ತಂದೆ ಪೈಪಿನ ಬರೆಯುವ ತುದಿಯನ್ನು ಮುಚ್ಚಿದೊಡನೆ ಎಲ್ಲವೂ ಒಟ್ಟಿಗೆ ಎದ್ದು ಅವೇ ಪುಟಗಳ ಮೇಲೆ ಅದೇ ಕ್ರಮದಲ್ಲಿ ಬರೆಯುತ್ತವೆ. ನಾಲ್ಕು ಸಿಪಿಯು ಇಟ್ಟು ಇದನ್ನು 50 ಸುತ್ತು ಓಡಿಸಿ ಖಾಲಿ ಪುಟ ಎಣಿಸಿದರೆ, ಅಪರೂಪಕ್ಕೊಮ್ಮೆ ಕಾಣುತ್ತಿದ್ದ ನಷ್ಟ ನನ್ನ ಕೆಡಿಸಿದ ಕರ್ನಲ್ಲಿನಲ್ಲಿ ಪ್ರತಿ ಸಲವೂ ಕಾಣಿಸಿಕೊಂಡಿತು.

ಸರಿಯಾದ ಕರ್ನಲನ್ನು ಪರೀಕ್ಷೆ ತಪ್ಪಾಗಿ ಫೇಲು ಮಾಡುವುದು, ದೋಷವಿರುವ ಕರ್ನಲನ್ನು ಪಾಸು ಮಾಡುವುದಕ್ಕಿಂತಲೂ ದೊಡ್ಡ ಅನ್ಯಾಯವೆಂದು ನಾನು ಭಾವಿಸುತ್ತೇನೆ. ಎಕ್ಸ್‌ವಿ6ನ ಯೂಸರ್ ಪ್ರೋಗ್ರಾಮುಗಳು ಮುದ್ರಿಸಲು ಬಳಸುವ ಪ್ರಿಂಟ್‌ಎಫ್ ಫಂಕ್ಷನ್ ಒಂದೊಂದೇ ಅಕ್ಷರವನ್ನು ಪ್ರತ್ಯೇಕವಾಗಿ ಬರೆಯುತ್ತದೆ. ಎರಡು ಪ್ರೊಸೆಸ್ ಒಟ್ಟಿಗೆ ಮುದ್ರಿಸಿದರೆ ಅಕ್ಷರಗಳು ಕಲಸಿಹೋಗಿ, ಇಡೀ ಸಾಲನ್ನು ಹುಡುಕುವ ಸ್ಕ್ರಿಪ್ಟಿಗೆ ಏನೂ ಸಿಗುವುದಿಲ್ಲ. ಮಕ್ಕಳು ಏನನ್ನೂ ಮುದ್ರಿಸದೆ ಮುಗಿಯುವಾಗ ಎಕ್ಸಿಟ್ ಸ್ಟೇಟಸ್ ಎಂಬ ಅಂಕೆಯನ್ನು ಮಾತ್ರ ಕೊಡಬೇಕು, ಎಲ್ಲವೂ ಮುಗಿದ ಮೇಲೆ ತಂದೆಯೊಂದೇ ಫಲಿತಾಂಶ ಬರೆಯಬೇಕು ಎಂದು ಎಲ್ಲ ಪರೀಕ್ಷೆಗಳನ್ನೂ ತಿದ್ದಿದೆ. ನನ್ನ ಮೇಜಿನ ಮೇಲೆ ಎರಡು ನಿಮಿಷದಲ್ಲಿ ಮುಗಿಯುವ ಪರೀಕ್ಷೆಗೆ ಲ್ಯಾಬಿನಲ್ಲಿ ಐದು ನಿಮಿಷ ಹಿಡಿಯುತ್ತಿದ್ದುದರಿಂದ, ಅದೇ ಕಂಪ್ಯೂಟರಿನಲ್ಲಿ ನನ್ನ ಕರ್ನಲ್ ತೆಗೆದುಕೊಂಡ ಸಮಯದ ಮೂರು ಪಟ್ಟನ್ನು ಗಡುವಾಗಿ ಇಟ್ಟೆ.

ಈಗ ಪ್ರತಿ ಕರ್ನಲನ್ನೂ 20 ಸಲ ಓಡಿಸುತ್ತೇನೆ. ಒಮ್ಮೆ ಬಿದ್ದರೂ ಅದನ್ನು ದೋಷವೆಂದೇ ಎಣಿಸುತ್ತೇನೆ, ಆದರೆ ಅಂಕ ಕಳೆಯುವ ಮೊದಲು ಬಿದ್ದ ಸಲದ ಕನ್ಸೋಲ್ ಲಾಗ್, ಸಿಪಿಯು ಸಂಖ್ಯೆ ಮತ್ತು ಪರೀಕ್ಷೆಯ ಕೋಡನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಒಂದು ವಾರ ಸಮಯ ಬಿಡುತ್ತೇನೆ. ಪರೀಕ್ಷೆಯನ್ನು ಗುಟ್ಟಾಗಿ ಇಡುವುದರಿಂದ ಅವರು ಕಲಿಯುವುದೇನೂ ಇಲ್ಲವೆಂಬುದು ನನ್ನ ಅಭಿಪ್ರಾಯ. ಜೊತೆಗೆ ಪ್ರತಿ ಜೋಡಿಯೂ ತಮ್ಮದೇ ಒಂದು ಪರೀಕ್ಷೆ ಬರೆದು ಕೊಡಬೇಕು. ಅದು ನನ್ನ ಕರ್ನಲ್ಲಿನಲ್ಲಿ ಪಾಸಾಗಿ, ಕೆಡಿಸಿದ ಕರ್ನಲ್‌ಗಳಲ್ಲಿ ಒಂದನ್ನಾದರೂ ಹಿಡಿಯಬೇಕು.

ಕಳೆದ ಸೆಮಿಸ್ಟರಿನಲ್ಲಿ ಒಬ್ಬ ವಿದ್ಯಾರ್ಥಿನಿಯ ಪರೀಕ್ಷೆ ನನ್ನ ಕರ್ನಲ್ಲಿನಲ್ಲೇ ಫೇಲಾಯಿತು. ಮೆಮೊರಿಯನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿಸಿ, ಹಲವು ಎಂಬಿ ಗಾತ್ರದ ಪ್ರೊಸೆಸ್ಸಿನಿಂದ ಮತ್ತೆ ಮತ್ತೆ ಫೋರ್ಕ್ ಮಾಡಿಸಿದ್ದಳು. ಪ್ರತಿ 2 ಎಂಬಿಗೆ ಪೇಜ್ ಟೇಬಲಿನ ಒಂದು ಹೊಸ ಪುಟ ಬೇಕು, ಅದು ಸಿಗದೆ ಫೋರ್ಕ್ ನಡುವೆಯೇ ಸೋಲುತ್ತಿತ್ತು. ನಾನು ಹಂಚಿಕೆಯ ಎಣಿಕೆಯನ್ನು ಮೊದಲು ಹೆಚ್ಚಿಸಿ ಆಮೇಲೆ ಪುಟವನ್ನು ಜೋಡಿಸುತ್ತಿದ್ದೆ, ಜೋಡಣೆ ಸೋತಾಗ ಹೆಚ್ಚಿಸಿದ್ದನ್ನು ಇಳಿಸಿರಲಿಲ್ಲ, ಹಾಗಾಗಿ ಆ ಪುಟ ಬಿಡುಗಡೆಯಾಗದೆ ಉಳಿಯುತ್ತಿತ್ತು. ನನ್ನ ಕೋಡ್ ತಿದ್ದಿ, ಅದರ ಹಳೆಯ ರೂಪವನ್ನು ಕೆಡಿಸಿದ ಕರ್ನಲ್‌ಗಳ ಸಾಲಿಗೆ 15ನೆಯದಾಗಿ ಸೇರಿಸಿ, ಅವಳ ಪರೀಕ್ಷೆಯನ್ನು ಮುಂದಿನ ಬ್ಯಾಚಿನ ಸ್ಕ್ರಿಪ್ಟಿಗೆ ಹಾಕಿಕೊಂಡಿದ್ದೇನೆ.