ಗಟ್ಟಿಮೇಳವನ್ನು ಅರ್ಧ ಸ್ಪೀಡಿಗೆ ಇಳಿಸಿದ ಕಥೆ

ಹದಿನಾರು ವರ್ಷ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸಿದ್ದೇನೆ. ಗಣಪತಿ ಹಬ್ಬ, ರಾಜ್ಯೋತ್ಸವ, ಜಾತ್ರೆ, ರಿಸೆಪ್ಶನ್. ಗಾಯಕ ಎಲ್ಲಿ ಜಾರಿದರೂ ತಾಳ ಜಾರಬಾರದು, ಅಷ್ಟೇ ನನ್ನ ಕೆಲಸ. ಸರಿಯಾಗಿ ಬಾರಿಸಿದರೆ ಯಾರೂ ತಿರುಗಿ ನೋಡುವುದಿಲ್ಲ. ತಪ್ಪಿದರೆ ಕೀಬೋರ್ಡಿನವನಿಂದ ಹಿಡಿದು ಶಾಮಿಯಾನದವನವರೆಗೂ ನೋಡುತ್ತಾರೆ.

ಒಬ್ಬನೇ ಕೂತು ಒಂದು ಆಲ್ಬಂ ಮಾಡಬೇಕು ಅನ್ನೋ ಹುಚ್ಚು ಹತ್ತಿಸಿದ್ದು ರಾಬರ್ಟ್ ವ್ಯಾಟ್. ಇಂಗ್ಲೆಂಡಿನ ಸಾಫ್ಟ್ ಮಷೀನ್ ಬ್ಯಾಂಡಿನ ಡ್ರಮ್ಮರ್ ಆತ. 1970ರಲ್ಲಿ, ಇನ್ನೂ ಬ್ಯಾಂಡಿನಲ್ಲಿ ಇದ್ದಾಗಲೇ, 'ದಿ ಎಂಡ್ ಆಫ್ ಆನ್ ಇಯರ್' (ಇಯರ್ ಅಂದರೆ ಇಲ್ಲಿ ಕಿವಿ) ಅನ್ನೋ ಸೋಲೋ ಆಲ್ಬಂ ತಂದ. ಅದರ ಕವರ್ ಮೇಲೆ ತನ್ನನ್ನು ಕೆಲಸವಿಲ್ಲದ ಪಾಪ್ ಗಾಯಕ ಅಂತ ಕರೆದುಕೊಂಡಿದ್ದಾನೆ! ಅದರಲ್ಲಿ ಹಾಡು ಅಂತ ಹೇಳೋ ಹಾಗೆ ಏನೂ ಇಲ್ಲ. ಪದವಿಲ್ಲದ ಕೂಗು, ಗುನುಗು, ಟೇಪಿನ ಸ್ಪೀಡ್ ಏರುಪೇರು ಮಾಡಿದ ದನಿಗಳು, ನಡುವೆ ಡ್ರಮ್ಸ್. ಆಲ್ಬಂ ಶುರುವಾಗುವುದೂ ಮುಗಿಯುವುದೂ ಗಿಲ್ ಇವಾನ್ಸ್‌ನ ಒಂದೇ ಜಾಝ್ ರಚನೆಯಿಂದ. ಮೊದಲ ಸಲ ಕೇಳಿದಾಗ ಫೋನ್ ಹಾಳಾಗಿದೆ ಅಂದುಕೊಂಡೆ. ಮೂರನೇ ಸಲಕ್ಕೆ ಅರ್ಥವಾಯಿತು, ಈ ಮನುಷ್ಯ ಯಾರಿಗೂ ತಾಳ ಹಿಡಿಯುತ್ತಿಲ್ಲ.

ಸರಿ, ನಾನು ಯಾವ ರಚನೆ ಇಟ್ಟುಕೊಳ್ಳಲಿ? ಜಾಝ್ ನನಗೆ ಕೇಳಿ ಗೊತ್ತು ಅಷ್ಟೆ. ಕೈಗೆ ಅಂಟಿರುವುದು ಗಟ್ಟಿಮೇಳ. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಬೆರಳೆತ್ತಿ ಕೂಗುತ್ತಾರಲ್ಲ, ಆಗ ವಾಲಗದವರು ಮೈಮೇಲೆ ಬಂದವರಂತೆ ಬಾರಿಸುತ್ತಾರಲ್ಲ, ಅದು. ಆ ಮುಹೂರ್ತದಲ್ಲಿ ಯಾರದೋ ಸೀನು, ಯಾರದೋ ಕೆಟ್ಟ ಮಾತು ಕಿವಿಗೆ ಬೀಳಬಾರದು ಅಂತ ಹಾಗೆ ಬಾರಿಸುವುದು ಅಂತಾರೆ ನಮ್ಮ ಕಡೆ. ಅದನ್ನೇ ಎಳೆದು ಎಳೆದು ನಿಧಾನ ಮಾಡಿದರೆ? ಒಳಗೆ ಮುಚ್ಚಿಟ್ಟಿದ್ದೆಲ್ಲ ಹೊರಗೆ ಕೇಳಬೇಕು, ಅಲ್ವಾ?

ರೂಮಿಗೆ ಖರ್ಚು ಮಾಡಲಿಲ್ಲ. ತುಮಕೂರಿನ ಬಾಡಿಗೆ ಮನೆಯ ಮಹಡಿ ಕೋಣೆ. ಗೋಡೆಗೆ ಎರಡು ಹಾಸಿಗೆ ಒರಗಿಸಿದೆ, ಕಿಟಕಿಗೆ ಕಂಬಳಿ ಕಟ್ಟಿದೆ. ಮೈಕ್ ಎರಡೇ. ಒಂದು, ಸ್ನೇರ್ ಅನ್ನೋ ಮುಂದಿನ ಚಿಕ್ಕ ಡ್ರಮ್ಮಿನ ಮೇಲೆ ಎತ್ತರದಲ್ಲಿ, ಇನ್ನೊಂದು ಬಲಭುಜದ ಪಕ್ಕ, ಫ್ಲೋರ್ ಟಾಮ್ ಅನ್ನೋ ದೊಡ್ಡ ಡ್ರಮ್ಮಿನ ಕಡೆ. ಇಲ್ಲಿ ಒಂದು ವಿಷಯ ಬಿಡಬೇಡಿ. ಸ್ನೇರ್‌ನಿಂದ ಎರಡೂ ಮೈಕಿಗೆ ಒಂದೇ ದೂರ ಇರಬೇಕು. ಗಾಳಿಯಲ್ಲಿ ಶಬ್ದಕ್ಕೆ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಒಂದಡಿ ಆಚೀಚೆ ಆದರೂ ಎರಡು ಮೈಕಿನ ದನಿ ಒಂದನ್ನೊಂದು ತಿಂದುಹಾಕಿ ಸ್ನೇರ್ ತಗಡು ಬಡಿದ ಹಾಗೆ ಕೇಳುತ್ತದೆ. ನಾನು ಹೂ ಕಟ್ಟುವ ದಾರ ಹಿಡಿದು ಅಳೆದೆ. ಟೇಪಿಗಿಂತ ಅದೇ ವಾಸಿ.

ಗಟ್ಟಿಮೇಳವನ್ನು ನಾಲ್ಕು ನಿಮಿಷ ಪೂರ್ತಿ ಬಾರಿಸಿದೆ. ಮೇಲೆ ಬಾಯಲ್ಲಿ ಕೊನ್ನಕೋಲ್, ಅಂದರೆ ತಾಳದ ಸೊಲ್ಲುಗಳನ್ನು ಹೇಳುವುದು, ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ತೆರೆದು ಸ್ಪೀಡ್ ಅರ್ಧಕ್ಕೆ ಇಳಿಸಿದೆ. ನಾಲ್ಕು ನಿಮಿಷ ಎಂಟಾಯಿತು, ಶ್ರುತಿ ಒಂದು ಸ್ಥಾಯಿ ಕೆಳಗೆ ಹೋಯಿತು. 'ತಕತರಿಕಿಟ' ಅಂದದ್ದು ಯಾವುದೋ ರಾಕ್ಷಸ ಊಟ ಮಾಡಿ ಗೊರಕೆ ಹೊಡೆದಂತೆ ಬಂತು. ಅಮ್ಮ ಬಾಗಿಲಲ್ಲಿ ನಿಂತು ಕೇಳಿ, "ಯಾರಿಗೋ ಜ್ವರ ಬಂದಂಗಿದೆ ಕಣೋ" ಅಂದರು. ನನಗೆ ಖುಷಿಯಾಯಿತು.

ಒಂದು ತೊಂದರೆ. ಎಲ್ಲಕ್ಕೂ ರಗ್ಗು ಹೊದಿಸಿದ ಹಾಗೆ ಮಂಕು. ಕಾರಣ ಸರಳ. 44.1 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 44,100 ಸಲ ದನಿ ಅಳೆದು, ರೆಕಾರ್ಡ್ ಮಾಡಿದರೆ ಸಿಗುವುದು ಅದರ ಅರ್ಧ, ಸುಮಾರು 22 ಕಿಲೋಹರ್ಟ್ಸ್‌ವರೆಗಿನ ದನಿ. ಅರ್ಧ ಸ್ಪೀಡಿಗೆ ಇಳಿಸಿದ ಮೇಲೆ 11ರ ಆಚೆ ಖಾಲಿ. ಸಿಂಬಲ್ ಅನ್ನೋ ಲೋಹದ ತಟ್ಟೆಯ ಮಿಂಚೆಲ್ಲ ಇರುವುದೇ ಅಲ್ಲಿ. ಸಾಫ್ಟ್‌ವೇರಿನಲ್ಲಿ ಟ್ರೆಬಲ್ ಏರಿಸಿ ನೋಡಿದೆ, ಬರೀ ಹಿಸ್ ಬಂತು.

ಅಡುಗೆಮನೆಯಿಂದ ಒಂದು ಪಾವು ರಾಗಿ ತಂದೆ. ಸಿಂಬಲ್ ಅನ್ನು ಸ್ಟ್ಯಾಂಡಿನ ಮೇಲೆ ಸ್ವಲ್ಪ ಓರೆ ಮಾಡಿ, ಕೆಳಗೆ ಬೆಡ್‌ಶೀಟ್ ಹಾಸಿ, ಮುಷ್ಟಿಯಿಂದ ಸುಮ್ನೆ ಸುರಿದೆ. ಬಿಗಿ ಮುಷ್ಟಿಯಲ್ಲಿ ಸುರಿದರೆ ಸೋನೆ ಮಳೆ. ಸಡಿಲ ಬಿಟ್ಟರೆ ಹೆಂಚಿನ ಮೇಲೆ ಜಡಿಮಳೆ. ಅಂಚಿನ ಕಡೆ ಬಿದ್ದಾಗ ದನಿ ತೆಳು, ನಡುವಿನ ಗುಬ್ಬಿಗೆ ತಾಗಿದಾಗ ಗೆಜ್ಜೆ. ಅಕ್ಕಿಯಲ್ಲೂ ಮಾಡಿ ನೋಡಿದೆ, ಜಾಸ್ತಿ ದಪ್ಪ ಅನ್ನಿಸಿತು. ಇದನ್ನು ಮಾಮೂಲಿ ಸ್ಪೀಡಿನಲ್ಲೇ ಇಟ್ಟು ಮೇಲೆ ಕೂರಿಸಿದೆ. ರಗ್ಗು ಸರಿಯಿತು. ಕೋಣೆಯಲ್ಲಿ ಇವತ್ತಿಗೂ ರಾಗಿ ಕಾಲಿಗೆ ಸಿಗುತ್ತದೆ.

ಮೂರನೇ ಟೇಕಿನಲ್ಲಿ ಕೆಳಗಿನ ಮನೆ ಓನರ್ ಆಂಟಿಯ ಕುಕ್ಕರ್ ಕೂಗಿತ್ತು. ಅರ್ಧ ಸ್ಪೀಡಿನಲ್ಲಿ ಅದು ದೂರದ ರೈಲು. ತೆಗೆಯಲಿಲ್ಲ. ನಾನೇ ಸೀನಿದ್ದೂ ಒಂದು ಕಡೆ ಇದೆ.

ಮಿಕ್ಸಿಂಗಿಗೆ ಅಂತ ಬೆಂಗಳೂರಿನ ಒಂದು ಸ್ಟುಡಿಯೋಗೆ ಕೊಟ್ಟು ಕೆಟ್ಟೆ. ವಾರ ಬಿಟ್ಟು ಫೈಲ್ ಬಂತು. ಒಂದೊಂದು ಪೆಟ್ಟನ್ನೂ ಕ್ಲಿಕ್ಕಿಗೆ, ಅಂದರೆ ಕಂಪ್ಯೂಟರಿನ ಟಿಕ್ ಟಿಕ್ ತಾಳಕ್ಕೆ, ಸರಿಯಾಗಿ ಎಳೆದು ಕೂರಿಸಿದ್ದರು. ಕುಕ್ಕರ್ ಇಲ್ಲ, ಸೀನು ಇಲ್ಲ. "ಕ್ಲೀನ್ ಮಾಡಿದೀವಿ ಸರ್." ಪಾಪ, ಅವರು ಒಳ್ಳೇ ಮನಸ್ಸಿನಿಂದಲೇ ಮಾಡಿದ್ದು. ಆದರೆ ನಾನು ಬಿಚ್ಚಿಟ್ಟಿದ್ದನ್ನೆಲ್ಲ ಮತ್ತೆ ಮುಚ್ಚಿ ಕೊಟ್ಟಿದ್ದರು. ಮೂಲ ಫೈಲ್ ಇಟ್ಟುಕೊಂಡಿದ್ದರಿಂದ ಬಚಾವ್. ಹೆಡ್‌ಫೋನ್ ಹಾಕಿಕೊಂಡು ನಾನೇ ಕೂತು ಮುಗಿಸಿದೆ. ಎರಡು ತಿಂಗಳು ಹಿಡಿಯಿತು. ವ್ಯಾಟ್‌ನ ದಾರಿಯಲ್ಲೇ ಮೊದಲಿಗೂ ಕೊನೆಗೂ ಗಟ್ಟಿಮೇಳ ಇಟ್ಟೆ. ನಡುವೆ ಐದು ಟ್ರ್ಯಾಕ್. ಅವುಗಳಲ್ಲಿ ಎರಡು ಈಗ ಕೇಳಿದರೆ ಬೇಡವಾಗಿತ್ತು ಅನ್ನಿಸುತ್ತದೆ.

ಆರ್ಕೆಸ್ಟ್ರಾ ಗೆಳೆಯರು ಒಂದು ನಿಮಿಷ ಕೇಳಿ "ಚೆನ್ನಾಗಿದೆ ಗುರು" ಅಂದು ಟೀ ಹೇಳಿದರು. ಪೂರ್ತಿ ಕೇಳಿದವರು ಒಬ್ಬರೇ, ನನ್ನ ಮದುವೆಗೆ ಡೋಲು ಬಾರಿಸಿದ್ದ ಹಿರಿಯರು. ಫೋನನ್ನು ಕಿವಿಗೆ ಒತ್ತಿಕೊಂಡು ಎಂಟು ನಿಮಿಷ ಅಲ್ಲಾಡದೆ ಕೂತಿದ್ದರು. ಆಮೇಲೆ ಫೋನ್ ವಾಪಸ್ ಕೊಡುತ್ತಾ ಅಂದರು: "ಇದು ನಮ್ದೇ ಅಲ್ವೇನಪ್ಪಾ? ಆದ್ರೆ ಗಂಡು ಯಾಕೋ ತಾಳಿ ಹಿಡ್ಕೊಂಡು ಹಿಂದೆಮುಂದೆ ನೋಡ್ತಾವ್ನೆ."