ವೈರಸ್ ಹತ್ತಿದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

ಮೈಸೂರು, ಮಂಡ್ಯದ ಮನೆಗಳಲ್ಲಿ, ಡಿಟಿಪಿ ಕೇಂದ್ರಗಳಲ್ಲಿ, ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ವರ್ಷಗಟ್ಟಲೆ ದುಡಿದು ಮೂಲೆ ಸೇರಿದ ಕಂಪ್ಯೂಟರ್‌ಗಳಿಗೆ ಕೊರತೆಯಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿರುವುದರಿಂದ, ಇಂಥ ಹಳೆಯ ಯಂತ್ರಕ್ಕೆ ವೈರಸ್ ಹತ್ತಿದ ಮೇಲೆ ರಿಪೇರಿಗೆ ಹಣ ಸುರಿಯುವುದಕ್ಕಿಂತ ವಿಲೇವಾರಿ ಮಾಡುವುದೇ ಮೇಲು. ಆದರೆ ಪೀಡೆ ತೊಲಗಲಿ ಎಂಬ ಆತುರದಲ್ಲಿ ಹಾರ್ಡ್ ಡಿಸ್ಕಿನ ಸಮೇತ ಗುಜರಿಯವರ ತಕ್ಕಡಿಗೆ ಇಟ್ಟುಬಿಡುವುದು ಸರಿಯಲ್ಲ. ಸ್ವಿಚ್ ಆರಿಸಿದ ಯಂತ್ರದಲ್ಲಿ ವೈರಸ್ ಏನೂ ಮಾಡಲಾರದು; ಡಿಸ್ಕಿನಲ್ಲಿ ಉಳಿದ ಆಧಾರ್ ಪ್ರತಿ, ಪ್ಯಾನ್ ಕಾರ್ಡ್, ಸಂಘದ ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆಗಳು ಮಾತ್ರ ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿದವರಿಗೆಲ್ಲ ಸಿಗುತ್ತವೆ.

ಮೊದಲು ಲ್ಯಾನ್ ಕೇಬಲ್ ಕಿತ್ತು, ವೈಫೈ ಆರಿಸಿ, ಯಂತ್ರವನ್ನು ಇಂಟರ್ನೆಟ್‌ನಿಂದ ಬೇರ್ಪಡಿಸಬೇಕು. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕದ್ದು ಕಳಿಸುವ ವೈರಸ್‌ಗಳು ಹಲವಿರುವುದರಿಂದ, ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಅಂದೇ ಬದಲಿಸುವುದು ಒಳ್ಳೆಯದು. ಈ ಕೆಲಸವನ್ನು ಅದೇ ಯಂತ್ರದಲ್ಲಿ ಕುಳಿತು ಮಾಡದೆ, ಮೊಬೈಲ್‌ನಲ್ಲೋ ಸೋಂಕಿಲ್ಲದ ಬೇರೆ ಕಂಪ್ಯೂಟರ್‌ನಲ್ಲೋ ಮಾಡಿ, ಹಳೆಯ ಯಂತ್ರದಲ್ಲಿ ತೆರೆದಿರುವ ಖಾತೆಗಳನ್ನೂ ಈ ಮೊಬೈಲ್ ಅಥವಾ ಬೇರೆ ಕಂಪ್ಯೂಟರ್‌ನಿಂದಲೇ ಲಾಗ್‌ಔಟ್ ಮಾಡಿಸಬೇಕು.

ಬೇಕಾದ ಕಡತಗಳನ್ನು ಹೊರತೆಗೆಯುವ ಹಂತದಲ್ಲೇ ಹೆಚ್ಚಿನವರು ಎಡವುವುದು. ಸೋಂಕಿತ ವಿಂಡೋಸ್ ತೆರೆದು ಪೆನ್‌ಡ್ರೈವ್ ಚುಚ್ಚಿದರೆ ವೈರಸ್ ಅದಕ್ಕೂ ಹತ್ತಿ ಹೊಸ ಕಂಪ್ಯೂಟರ್‌ವರೆಗೆ ಪ್ರಯಾಣ ಮಾಡಬಹುದು. ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲರಿಗೂ ಪರಿಚಿತವಾದ ಶಾರ್ಟ್‌ಕಟ್ ವೈರಸ್ ಹರಡುವುದು ಹೀಗೆಯೇ: ಅದು ನಿಜವಾದ ಕಡತಗಳನ್ನು ಅಡಗಿಸಿ, ಅವುಗಳ ಹೆಸರಿನಲ್ಲಿ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಇದಕ್ಕೆ ಪರಿಹಾರವೆಂದರೆ ವಿಂಡೋಸನ್ನು ಆನ್ ಮಾಡದೆಯೇ ಕೆಲಸ ಮುಗಿಸುವುದು. ಶುದ್ಧವಾದ ಬೇರೊಂದು ಕಂಪ್ಯೂಟರ್‌ನಲ್ಲಿ ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಮಿಂಟ್ ಎಂಬ ತಂತ್ರಾಂಶವನ್ನು ಉಚಿತವಾಗಿ ಇಳಿಸಿಕೊಂಡು, ರೂಫಸ್ ತಂತ್ರಾಂಶದಿಂದ ಪೆನ್‌ಡ್ರೈವ್‌ಗೆ ಬರೆದು, ಹಳೆಯ ಯಂತ್ರವನ್ನು ಆ ಪೆನ್‌ಡ್ರೈವ್‌ನಿಂದಲೇ ಬೂಟ್ ಮಾಡಬೇಕು, ಅಂದರೆ ಚಾಲೂ ಮಾಡಬೇಕು. ಬೂಟ್ ಮೆನುವಿಗೆ ಸಾಮಾನ್ಯವಾಗಿ ಎಫ್12 ಅಥವಾ ಎಸ್ಕೇಪ್ ಕೀಲಿ ಒತ್ತಬೇಕಾಗುತ್ತದೆ. ವಿಂಡೋಸ್ ಚಾಲೂ ಆಗದಿರುವಾಗ ವೈರಸ್ಸೂ ಓಡುವುದಿಲ್ಲ, ಅಡಗಿಸಿದ ಕಡತಗಳೂ ಇಲ್ಲಿ ಕಾಣಿಸುತ್ತವೆ. ಫೋಟೊ, ಪಿಡಿಎಫ್, ವರ್ಡ್, ಎಕ್ಸೆಲ್ ಕಡತಗಳನ್ನಷ್ಟೇ ಇನ್ನೊಂದು ಡ್ರೈವ್‌ಗೆ ನಕಲಿಸಿಕೊಂಡು, ಇಎಕ್ಸ್‌ಇ, ವಿಬಿಎಸ್, ಎಲ್‌ಎನ್‌ಕೆ ಎಂದು ಕೊನೆಯಾಗುವವನ್ನು ಅಲ್ಲೇ ಬಿಡಬೇಕು. ವರ್ಡ್, ಎಕ್ಸೆಲ್ ಕಡತಗಳೊಳಗೆ ಅಡಕವಾಗಿರುವ ಮ್ಯಾಕ್ರೋಗಳೆಂಬ ಪುಟ್ಟ ಪ್ರೋಗ್ರಾಂಗಳಲ್ಲೂ ವೈರಸ್ ಇರಬಹುದಾದ್ದರಿಂದ, ಹೊಸ ಯಂತ್ರದಲ್ಲಿ ಸ್ಕ್ಯಾನ್ ಮಾಡದೆ ಯಾವುದನ್ನೂ ತೆರೆಯಕೂಡದು.

ಕನ್ನಡದಲ್ಲಿ ಕೆಲಸ ಮಾಡಿದವರು ಇನ್ನೊಂದನ್ನು ಮರೆಯಬಾರದು. ನುಡಿ, ಬರಹ ಅಥವಾ ಶ್ರೀಲಿಪಿಯ ಹಳೆಯ ಅಕ್ಷರವಿನ್ಯಾಸಗಳಲ್ಲಿ, ಎಲ್ಲ ಯಂತ್ರಗಳಲ್ಲೂ ಒಂದೇ ರೀತಿ ಕಾಣುವ ಯೂನಿಕೋಡ್ ಅಕ್ಷರ ಸಂಕೇತಕ್ಕೂ ಮುಂಚೆ ಟೈಪ್ ಮಾಡಿದ ಕಡತಗಳು, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ಗುಂಪಾಗಿ ಕಾಣುತ್ತವೆ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರನ್ನೂ ನಕಲಿಸಿಟ್ಟುಕೊಂಡು, ನಂತರ ನಿಧಾನವಾಗಿ ಯೂನಿಕೋಡ್‌ಗೆ ಪರಿವರ್ತಿಸಬಹುದು. ಡಿಸ್ಕ್ ಅಳಿಸಿದ ಮೇಲೆ ಈ ಫಾಂಟ್‌ಗಳನ್ನು ಹುಡುಕಿ ಅಲೆಯುವುದು ಬಹಳ ಕಷ್ಟ.

ನಕಲುಗಳು ಹೊಸ ಯಂತ್ರದಲ್ಲಿ ತೆರೆಯುತ್ತವೆಯೆಂದು ಖಾತ್ರಿಯಾದ ಮೇಲೆ ಡಿಸ್ಕನ್ನು ಅಳಿಸಬೇಕು. ಡಿಲೀಟ್ ಒತ್ತಿದರೂ, ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಆಗುವುದು ಪುಸ್ತಕದ ಪರಿವಿಡಿಯನ್ನಷ್ಟೇ ಹರಿದಂತೆ. ಒಳಗಿನ ಪುಟಗಳು ಹಾಗೆಯೇ ಇರುತ್ತವೆ, ರಿಕವರಿ ತಂತ್ರಾಂಶಗಳು ಅವನ್ನು ಓದುತ್ತವೆ. ಲಿನಕ್ಸ್ ಮಿಂಟ್‌ನ ‘ಡಿಸ್ಕ್ಸ್’ ಎಂಬ ಸಲಕರಣೆಯಲ್ಲಿ ಹಳೆಯ ಡಿಸ್ಕನ್ನು ಆರಿಸಿ, ಇಡೀ ಡಿಸ್ಕನ್ನು ಸೊನ್ನೆಗಳಿಂದ ತುಂಬುವ ನಿಧಾನದ ಆಯ್ಕೆಯೊಂದಿಗೆ ಫಾರ್ಮ್ಯಾಟ್ ಮಾಡಬೇಕು. ತಪ್ಪಿ ಬೇರೆ ಡ್ರೈವ್ ಅಳಿಸಿಹೋಗದಂತೆ ನಕಲು ಇಟ್ಟ ಡ್ರೈವನ್ನು ಮೊದಲೇ ಕಿತ್ತಿಡಬೇಕು. ಈಚಿನ ದಶಕಗಳ ಹಾರ್ಡ್ ಡಿಸ್ಕ್‌ಗೆ ಒಂದು ಸುತ್ತು ಸಾಕು, ಏಳು ಸುತ್ತು ಬೇಕೆಂಬುದು ಹಳೆಯ ನಂಬಿಕೆ. ಆದರೂ ಕೆಲವು ಗಂಟೆ ಹಿಡಿಯುವ ಕೆಲಸವಾದ್ದರಿಂದ ಕರೆಂಟ್ ಹೋಗದ ಹೊತ್ತು ನೋಡಿಕೊಂಡು ಆರಂಭಿಸಬೇಕು. ತಿರುಗುವ ತಟ್ಟೆಗಳ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಈ ವಿಧಾನವನ್ನು ಪೂರ್ತಿ ನಂಬುವಂತಿಲ್ಲ. ಅದು ಸವೆತ ತಪ್ಪಿಸಲು ಮಾಹಿತಿಯನ್ನು ತನ್ನೊಳಗೇ ಜಾಗ ಬದಲಿಸಿ ಬರೆಯುವುದರಿಂದ, ತಯಾರಕರು ಕೊಡುವ ತಂತ್ರಾಂಶದ ಸೆಕ್ಯೂರ್ ಇರೇಸ್ ಆಯ್ಕೆಯನ್ನೇ ಬಳಸಬೇಕು.

ಆನ್ ಆಗದ ಯಂತ್ರಕ್ಕೆ ಈ ದಾರಿ ಇಲ್ಲ. ಆಗ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿದರೆ, ಅಗಲವಾದ ಕರೆಂಟ್ ಕೇಬಲ್ಲೂ ಸಣ್ಣ ಸಾಟಾ ಕೇಬಲ್ಲೂ ಸೇರಿಕೊಂಡಿರುವ ಲೋಹದ ಪೆಟ್ಟಿಗೆ ಕಾಣುತ್ತದೆ. ಅಂಚಿನ ಸ್ಕ್ರೂಗಳನ್ನು ಬಿಚ್ಚಿದರೆ ಡಿಸ್ಕ್ ಕೈಗೆ ಬರುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಕೊಂಡು, ಒಳಗಿನ ತಟ್ಟೆಗಳನ್ನು ತೂತು ಬೀಳುವಂತೆ ಡ್ರಿಲ್ ಮಾಡಬೇಕು. ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆಗಳು ಅನೇಕ ವೇಳೆ ಗಾಜಿನವಾದ್ದರಿಂದ ಚೂರುಗಳು ಸಿಡಿಯುತ್ತವೆ. ನೀರಿನಲ್ಲಿ ಮುಳುಗಿಸುವುದು, ಅಯಸ್ಕಾಂತ ಸವರುವುದು ಭರವಸೆಯ ಮಾರ್ಗಗಳಲ್ಲ, ಬೆಂಕಿ ಹಚ್ಚುವುದಂತೂ ಕೂಡದು.

ಉಳಿದ ಯಂತ್ರವನ್ನು ಕಸದ ಗಾಡಿಗೂ ಗುಜರಿಗೂ ಕೊಡದೆ, ನೋಂದಾಯಿತ ಮರುಬಳಕೆದಾರರಿಗೋ ತಯಾರಕರ ಸಂಗ್ರಹ ವ್ಯವಸ್ಥೆಗೋ ಒಪ್ಪಿಸಬೇಕು. ಹಳೆಯ ಪಿಕ್ಚರ್ ಟ್ಯೂಬ್ ಮಾನಿಟರಿನ ಗಾಜಿನಲ್ಲೂ ಹಳೆಯ ಬೋರ್ಡಿನ ಬೆಸುಗೆಯಲ್ಲೂ ಸೀಸವಿರುತ್ತದೆ. ತಾಮ್ರಕ್ಕಾಗಿ ಕೇಬಲ್ ಸುಟ್ಟರೆ ಬರುವ ವಿಷದ ಹೊಗೆ ಮೊದಲು ಸೇರುವುದು ಸುಡುವವನ ಎದೆಗೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಮರುಬಳಕೆದಾರರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹತ್ತಿರದವರು ಯಾರೆಂದು ರಾಜ್ಯ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಬಹುದು. ಊದಿಕೊಂಡ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚುಚ್ಚದೆ, ಒತ್ತದೆ, ಬೇರೆಯಾಗಿ ಕೊಡಬೇಕು. ಸಂಘ ಸಂಸ್ಥೆಗಳಾದರೆ ದಾಸ್ತಾನು ವಹಿಯಿಂದ ಯಂತ್ರವನ್ನು ಕಡಿಮೆ ಮಾಡುವ ನಿರ್ಣಯ ಮೊದಲೇ ಆಗಿರಬೇಕು. ಒಪ್ಪಿಸಿದ ದಿನ ಪಡೆದ ರಸೀದಿಯಲ್ಲಿ ಯಂತ್ರದ ಜೊತೆಗೆ ಡಿಸ್ಕಿನ ಕ್ರಮಸಂಖ್ಯೆಯನ್ನೂ ಬರೆಸಿ, ಅದನ್ನು ನಿರ್ಣಯದ ಪ್ರತಿಯೊಂದಿಗೆ ಕಡತಕ್ಕೆ ಸೇರಿಸಬೇಕು.