ಮುರುಗಲು, ಕವಳಿ, ನೇರಳೆ: ಬಣ್ಣ ಕೆಡದ ಹಾಗೆ ಬಳಸುವುದು ಹೇಗೆ?

ಏಪ್ರಿಲ್ ಮುಗಿಯುವ ಹೊತ್ತಿಗೆ ಕುಮಟಾ, ಅಂಕೋಲಾ ಕಡೆ ರಸ್ತೆ ಬದಿಯಲ್ಲಿ ಎಲೆಯ ಕೊಟ್ಟೆ ತುಂಬ ಕವಳಿ (ಕೆಲವೆಡೆ ಕರಂಡೆ) ಹಣ್ಣು ಬರುತ್ತದೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಬೆಟ್ಟಗಳಲ್ಲಿ ಮುರುಗಲು, ಅಂದರೆ ಪುನರ್ಪುಳಿ ಅಥವಾ ಕೋಕಂ, ಕೆಂಪಾಗುತ್ತದೆ. ಅದರ ಬೆನ್ನಿಗೇ ನೇರಳೆ. ಇವನ್ನೆಲ್ಲ ದಾಟಿ ಹೋಗಿ ದುಬಾರಿ ಬ್ಲೂಬೆರಿ ಡಬ್ಬಿ ಕೊಳ್ಳುವುದನ್ನು ನೋಡಿದರೆ ಬೇಸರವಾಗುತ್ತದೆ. ಬ್ಲೂಬೆರಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಗುಂಪಿನ ವಸ್ತುಗಳೇ ನಮ್ಮ ಈ ಮೂರು ಹಣ್ಣುಗಳಿಗೂ ಬಣ್ಣ ಕೊಡುತ್ತವೆ.

ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುತ್ತದೆ ಅಲ್ವಾ? ಅದು ಆಮ್ಲಜನಕದ ಕೆಲಸ. ನಮ್ಮ ದೇಹದ ಜೀವಕೋಶಗಳಲ್ಲೂ ಇಂಥ ಸವೆತ ನಡೆಯುತ್ತಲೇ ಇರುತ್ತದೆ. ಅದನ್ನು ತಡೆಯಬಲ್ಲ ವಸ್ತುಗಳೇ ಆ್ಯಂಟಿಆಕ್ಸಿಡೆಂಟ್‌ಗಳು. ಆಂಥೋಸಯಾನಿನ್ ಅವುಗಳಲ್ಲಿ ಒಂದು, ಸಿ ವಿಟಮಿನ್ ಇನ್ನೊಂದು. ಎರಡಕ್ಕೂ ಬಿಸಿ ಆಗದು. ಹಾಗಾಗಿ ಹಣ್ಣು ಎಷ್ಟು ತಿಂದಿರಿ ಅನ್ನುವಷ್ಟೇ ಮುಖ್ಯ ಅದನ್ನು ಹೇಗೆ ಇಟ್ಟುಕೊಂಡಿರಿ ಅನ್ನುವುದು.

ಮೊದಲು ಆರಿಸುವುದು

ಪೂರ್ತಿ ಬಣ್ಣ ತಿರುಗಿದ್ದನ್ನೇ ಕೊಯ್ಯಿರಿ. ಮುರುಗಲು ಕಡುಗೆಂಪಾಗಿರಬೇಕು, ಕವಳಿ ಕಪ್ಪಾಗಿರಬೇಕು. ಕವಳಿ ಅರೆಹಣ್ಣಾಗಿದ್ದರೆ ಹಾಲು ಬಾಯಿಗೆ ಅಂಟುತ್ತದೆ, ಅದು ಉಪ್ಪಿನಕಾಯಿಗೇ ಸರಿ. ಟೊಂಗೆ ಕಡಿಯಬೇಡಿ. ಹಕ್ಕಿ, ಮಂಗಗಳಿಗೂ ಒಂದಿಷ್ಟು ಬಿಡಿ, ಬೀಜ ಹರಡುವವರು ಅವರೇ. ಮಕ್ಕಳನ್ನು ಕರೆದುಕೊಂಡು ಹೋದರೆ ಕಾಸರಕನ ಮರವನ್ನು ಮೊದಲು ತೋರಿಸಿ. ಅದರ ಹಣ್ಣು ಸಣ್ಣ ಕಿತ್ತಳೆಯಂತೆ ಆಸೆ ಹುಟ್ಟಿಸುತ್ತದೆ, ಬೀಜ ಪ್ರಾಣ ತೆಗೆಯುವಂಥ ವಿಷ. ಗುರುತಿಲ್ಲದ ಹಣ್ಣು ಬೇಡವೇ ಬೇಡ.

ಮುರುಗಲು ಒಣಗಿಸುವುದು

ವರ್ಷವಿಡೀ ಇಟ್ಟುಕೊಳ್ಳಲು ಮೂರರಲ್ಲಿ ಮುರುಗಲೇ ಒಳ್ಳೆಯದು. ಮಳೆ ಹಿಡಿಯುವ ಮೊದಲೇ ಈ ಕೆಲಸ ಮುಗಿಯಬೇಕು. ಹಣ್ಣು ತೊಳೆದು, ಒರೆಸಿ, ಎರಡು ಹೋಳು ಮಾಡಿ. ಬೀಜ, ತಿರುಳು ಬೇರೆ ಪಾತ್ರೆಗಿರಲಿ. ಸಿಪ್ಪೆಯನ್ನು ಬಟ್ಟೆಯ ಮೇಲೆ ಒಂದೊಂದಾಗಿ ಹರಡಿ, ಮೇಲೊಂದು ತೆಳು ಬಟ್ಟೆ ಮುಚ್ಚಿ ಬಿಸಿಲಿಗಿಡಿ. ಸಂಜೆ ತಿರುಳಿನ ರಸಕ್ಕೆ ಚೂರು ಉಪ್ಪು ಬೆರೆಸಿ ಸಿಪ್ಪೆ ಅದ್ದಿ ತೆಗೆಯಿರಿ, ಮರುದಿನ ಮತ್ತೆ ಒಣಗಿಸಿ. ಹೀಗೆ ಮೂರ್ನಾಲ್ಕು ಸಲ ಮಾಡಿದರೆ ಸಿಪ್ಪೆಗೆ ಹುಳಿಯೂ ಬಣ್ಣವೂ ಕೂರುತ್ತದೆ. ಬಿಪಿ ಇರುವವರ ಮನೆಯಲ್ಲಿ ಉಪ್ಪು ಬಿಟ್ಟೇ ಒಣಗಿಸಿ, ಆದರೆ ಬೂಸಲು ಹಿಡಿಯದಂತೆ ಗರಿಗರಿ ಆಗುವವರೆಗೆ ಬಿಸಿಲು ಕಾಣಿಸಬೇಕು. ಬೀಜ ಎಸೆಯಬೇಡಿ. ಅದರಿಂದ ಬರುವ ಮುರುಗಲ ತುಪ್ಪ ಹಿಮ್ಮಡಿ ಒಡಕಿಗೆ ಬಹಳ ಒಳ್ಳೆಯದು.

ಪಾತ್ರೆ ಗಾಜಿನದೋ ಪಿಂಗಾಣಿಯದೋ ಇರಲಿ. ಇಷ್ಟು ಹುಳಿಗೆ ಅಲ್ಯೂಮಿನಿಯಂ, ತಾಮ್ರ ಆಗಿಬರುವುದಿಲ್ಲ. ಬೆಳಕು, ಗಾಳಿ ಎರಡೂ ಬಣ್ಣ ಕೆಡಿಸುತ್ತವೆ. ಹಾಗಾಗಿ ಭರಣಿ ತುಂಬಿ, ಬಿಗಿಯಾಗಿ ಮುಚ್ಚಿ, ಕತ್ತಲ ಮೂಲೆಯಲ್ಲಿಡಿ.

ಕುಡಿಯುವುದು, ಉಣ್ಣುವುದು

ಎಂಟ್ಹತ್ತು ಹೋಳು ಸಿಪ್ಪೆಯನ್ನು ಒಂದು ಲೀಟರ್ ತಣ್ಣೀರಿನಲ್ಲಿ ಮೂರ್ನಾಲ್ಕು ತಾಸು ನೆನೆಸಿ. ಕುದಿಸಬೇಡಿ. ಕಿವುಚಿ, ಸೋಸಿ, ಜೀರಿಗೆ ಪುಡಿ ಸೇರಿಸಿ. ಬೆಲ್ಲ ಬೇಕಾದರೆ ಸ್ವಲ್ಪ. ಭರಣಿಯಲ್ಲಿ ಸಕ್ಕರೆ ತುಂಬಿ ಮಾಡುವ ಶರಬತ್ತು ರುಚಿಯೇ, ಆದರೆ ಅದನ್ನು ಆರೋಗ್ಯದ ಹೆಸರಿನಲ್ಲಿ ದಿನಾ ಕುಡಿಯುವುದು ನನಗೆ ಸರಿ ಕಾಣುವುದಿಲ್ಲ. ಅಷ್ಟು ಸಕ್ಕರೆ ಒಳಗೆ ಹೋದ ಮೇಲೆ ಹಣ್ಣಿನ ಲಾಭ ಎಲ್ಲಿ ಉಳಿಯಿತು?

ಸೋಸಿದ ನೀರನ್ನು ಒಂದು ಲೋಟದಲ್ಲಿ ಹಿಡಿದು ಚಿಟಿಕೆ ಅಡುಗೆ ಸೋಡಾ ಹಾಕಿ ನೋಡಿ. ಕೆಂಪು ಹೋಗಿ ಮಬ್ಬು ನೀಲಿಯತ್ತ ತಿರುಗುತ್ತದೆ. ಕೂಡಲೇ ನಿಂಬೆರಸ ಹಿಂಡಿದರೆ ಮತ್ತೆ ಕೆಂಪು. ಆಂಥೋಸಯಾನಿನ್ ಗಟ್ಟಿಯಾಗಿ ನಿಲ್ಲುವುದು ಹುಳಿಯಲ್ಲೇ. ಮಕ್ಕಳಿಗೆ ಇದನ್ನು ಅವಶ್ಯ ತೋರಿಸಿ.

ನೆನೆಸಿದ ಸಿಪ್ಪೆಯಲ್ಲೂ ಸತ್ವ ಇರುತ್ತದೆ. ಮುರುಗಲಿನಲ್ಲಿರುವ ಗಾರ್ಸಿನಾಲ್ ಎಂಬ ಇನ್ನೊಂದು ಆ್ಯಂಟಿಆಕ್ಸಿಡೆಂಟ್ ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಕಾರವಾರದ ಕಡೆ ಮುರುಗಲಿನಿಂದ ಮಾಡುವ ಸೋಲ್‌ಕಡಿಯಲ್ಲಿ ತೆಂಗಿನಹಾಲು ಬೀಳುತ್ತದಲ್ಲ, ಆ ಜೋಡಿ ಬಹಳ ಚೆನ್ನ. ಸಿಪ್ಪೆಯನ್ನು ತೆಂಗಿನಹಾಲಿನ ಜೊತೆ ರುಬ್ಬಿಯೇ ಬಿಡಬಹುದು. ಬೆಳ್ಳುಳ್ಳಿ, ಹಸಿಮೆಣಸು ಹಾಕಿ, ಒಲೆಗೆ ಇಡದೆ ಅನ್ನಕ್ಕೆ ಬಡಿಸಿ.

ಕವಳಿ, ನೇರಳೆಗೆ ಇಷ್ಟೆಲ್ಲ ಶ್ರಮ ಬೇಡ. ಉಪ್ಪುನೀರಿನಲ್ಲಿ ತೊಳೆದು ಸಿಪ್ಪೆ ಸಮೇತ ತಾಜಾ ತಿನ್ನಿ. ಬಣ್ಣವೆಲ್ಲ ಹೆಚ್ಚಾಗಿ ಸಿಪ್ಪೆಯಲ್ಲೇ ಇರುವುದು.

ಎಷ್ಟು ನಂಬಬೇಕು?

ಪ್ರಯೋಗಾಲಯದ ಗಾಜಿನ ನಳಿಕೆಯಲ್ಲಿ ಕಂಡ ಗುಣವೆಲ್ಲ ದೇಹದಲ್ಲಿ ಹಾಗೇ ನಡೆಯುತ್ತದೆ ಎಂದುಕೊಳ್ಳಬೇಡಿ. ಇವು ಊಟದ ಭಾಗ, ಔಷಧಿಯಲ್ಲ. ನೇರಳೆ ತಿನ್ನುತ್ತೇನೆ ಎಂದು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಬಾರದು. ಮುರುಗಲಿನ ಬಳಗದ ಉಪ್ಪಾಗೆ ಸಿಪ್ಪೆಯ ಸಾರದಿಂದ ತೂಕ ಇಳಿಸುವ ಮಾತ್ರೆಗಳು ಬಂದಿವೆ. ಅಂಥವನ್ನು ನುಂಗಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾದದ್ದು ವೈದ್ಯಕೀಯ ವರದಿಗಳಲ್ಲಿದೆ. ಸಾರಿಗೆ ಹಾಕುವ ಎರಡು ಹೋಳು ಬೇರೆ, ಸಾರವನ್ನೇ ಗಟ್ಟಿ ಮಾಡಿದ ಮಾತ್ರೆ ಬೇರೆ.

ಹುಳಿಯಿಂದ ಎದೆ ಉರಿಯುವವರು ಖಾಲಿ ಹೊಟ್ಟೆಯಲ್ಲಿ ಮುರುಗಲು ನೀರು ಕುಡಿಯಬೇಡಿ. ಭರಣಿಯ ಸಿಪ್ಪೆ ಕೆಂಪು ಕಳೆದು ಕಂದಾದರೆ ಸಾರಿನ ಹುಳಿಗೆ ಬಳಸಿ ಮುಗಿಸಿ. ಬೂಸಲು ಕಂಡರೆ ಮಾತ್ರ ಪೂರ್ತಿ ಚೆಲ್ಲಿಬಿಡಿ.